ಗೇಟೆಡ್ ಕಮ್ಯುನಿಟಿಗಳಲ್ಲಿ ನಿವಾಸಿಗಳ ದತ್ತಾಂಶ

ಸುತ್ತಲೂ ಕಾಂಪೌಂಡು, ಒಂದೋ ಎರಡೋ ಗೇಟು, ಗೇಟಿಗೆ ಸೆಕ್ಯುರಿಟಿಯವರು, ಒಳಗೆ ಎಲ್ಲ ಮನೆಗಳಿಗೂ ಸೇರಿದ ರಸ್ತೆ, ಸಂಪು, ಜನರೇಟರ್, ಕ್ಲಬ್‌ಹೌಸ್: ಇಷ್ಟಿರುವ ವಸತಿ ಸಮುಚ್ಚಯಕ್ಕೆ ಕನ್ನಡದಲ್ಲೂ ಗೇಟೆಡ್ ಕಮ್ಯುನಿಟಿ ಎಂಬ ಹೆಸರೇ ನಿಂತಿದೆ. ಅಲ್ಲಿ ವಾಸಿಸುವವರ ಹೆಸರು, ಫೋನ್ ನಂಬರು, ಮನೆಮಂದಿ, ವಾಹನ, ಬಂದುಹೋಗುವವರು, ನೀರು ಮತ್ತು ವಿದ್ಯುತ್ತಿನ ಬಳಕೆ, ಮೇಂಟೆನೆನ್ಸ್ ಬಾಕಿ, ಕೊಟ್ಟ ದೂರುಗಳು, ಇವನ್ನೆಲ್ಲ ಒಂದೆಡೆ ಕೂಡಿಹಾಕಿ, ಒಂದೊಂದು ಮನೆಗೂ ಅದಕ್ಕೆ ತಕ್ಕ ಸೇವೆ ಕೊಡುವ ಪದ್ಧತಿ 2010ರ ದಶಕದಿಂದ ಭಾರತದ ನಗರಗಳಲ್ಲಿ ಬೇರೂರಿದೆ. ಬೆಂಗಳೂರು ಅದರ ತವರು. ಈ ಕೆಲಸಕ್ಕೆ ಬೇಕಾದ ಮೊಬೈಲ್ ಆ್ಯಪ್‌ಗಳನ್ನು ಕಟ್ಟಿದ ಪ್ರಮುಖ ಕಂಪನಿಗಳಲ್ಲಿ ಹಲವು ಹುಟ್ಟಿದ್ದು ಇಲ್ಲೇ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ, ಕನಕಪುರ ರಸ್ತೆಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಅವು ದಿನಬಳಕೆಯ ವಸ್ತುಗಳಾಗಿವೆ. ಹಾಗಾಗಿ ಈ ಲೇಖನ ಮುಖ್ಯವಾಗಿ ಬೆಂಗಳೂರಿನ ಮಾತು. ಬೇರೆ ದೇಶಗಳ ಪ್ರಸ್ತಾಪ ಹೋಲಿಕೆಗೆ ಬೇಕಾದಷ್ಟೇ.

ಹಿನ್ನೆಲೆ

ಗೇಟು ಹಾಕಿಕೊಂಡು ಒಟ್ಟಾಗಿ ಬದುಕುವ ಆಧುನಿಕ ಬಡಾವಣೆಗಳಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ 1850ರ ದಶಕದಲ್ಲಿ ರೂಪುಗೊಂಡ ಲೆವೆಲಿನ್ ಪಾರ್ಕನ್ನು ಮೊದಲ ಉದಾಹರಣೆಗಳಲ್ಲಿ ಒಂದಾಗಿ ಹೇಳುವುದುಂಟು. ಅಲ್ಲಿ ಗೇಟಿನ ಪಕ್ಕದಲ್ಲಿ ಕಾವಲಿನವನಿಗೆಂದೇ ಒಂದು ಮನೆಯಿತ್ತು. ಮನೆಮಾಲೀಕರ ಸಂಘ ಬಡಾವಣೆಯನ್ನು ತಾನೇ ಆಳುವ ಏರ್ಪಾಡು ಇಪ್ಪತ್ತನೆಯ ಶತಮಾನದಲ್ಲಿ ಹರಡಿತು. ಎಡ್ವರ್ಡ್ ಬ್ಲೇಕ್ಲಿ ಮತ್ತು ಮೇರಿ ಗೇಲ್ ಸ್ನೈಡರ್ ಬರೆದ 'ಫೋರ್ಟ್ರೆಸ್ ಅಮೆರಿಕ' (1997) ಹಾಗೂ ಮಾನವಶಾಸ್ತ್ರಜ್ಞೆ ಸೇತಾ ಲೋ ಅವರ 'ಬಿಹೈಂಡ್ ದಿ ಗೇಟ್ಸ್' (2003) ಈ ಬಡಾವಣೆಗಳ ಸಾಮಾಜಿಕ ಅಧ್ಯಯನದ ಮುಖ್ಯ ಪುಸ್ತಕಗಳು.

ನಮ್ಮಲ್ಲಿ ಇದಕ್ಕೆ ಹತ್ತಿರದ ಹಳೆಯ ರೂಪ ವಠಾರ. ಹಳೆಯ ಮೈಸೂರು, ಬೆಂಗಳೂರುಗಳ ವಠಾರದಲ್ಲಿ ಒಂದೇ ಬಾಗಿಲು, ನಡುವೆ ಅಂಗಳ, ಸಾಲಾಗಿ ಸಣ್ಣ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಯಾರ ಮನೆಗೆ ನೆಂಟರು ಬಂದರು, ಯಾರ ಮಗನಿಗೆ ಜ್ವರ, ಯಾರು ಬಾಡಿಗೆ ಬಾಕಿ ಇಟ್ಟಿದ್ದಾರೆ ಎಂಬುದೆಲ್ಲ ಮಾಲೀಕರ ಮನೆಯ ಜಗಲಿಗೆ ಗೊತ್ತಿರುತ್ತಿತ್ತು. ಹೂವಿನವಳು ಯಾವ ಮನೆಗೆ ಎಷ್ಟು ಮೊಳ ಎಂದು ಕೇಳುತ್ತಿರಲಿಲ್ಲ. ದಿನಸಿ ಅಂಗಡಿಯ ಶೆಟ್ಟರ ಖಾತೆ ಪುಸ್ತಕದಲ್ಲಿ ಪ್ರತಿ ಸಂಸಾರದ ರುಚಿಯೂ ಸಾಲವೂ ಒಟ್ಟಿಗೇ ಇರುತ್ತಿದ್ದವು. ಮನೆಗೆ ತಕ್ಕ ಸೇವೆ ಎಂಬುದು ಹೊಸದಲ್ಲ. ವಠಾರದ ಕಣ್ಣು ಹಿತವಾಗಿತ್ತೆಂದು ಹೇಳುವಂತೆಯೂ ಇಲ್ಲ. ಅಲ್ಲಿ ಗುಟ್ಟು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬಾಳಿದವರಿಗೆ ಗೊತ್ತು. ಆದರೆ ಆ ತಿಳಿವಳಿಕೆ ಜನರ ನೆನಪಿನಲ್ಲಿತ್ತು, ನೆನಪಿಗೆ ಮರೆವೂ ಇತ್ತು, ಅದನ್ನು ಒಂದು ಕ್ಷಣದಲ್ಲಿ ನಕಲು ಮಾಡಿ ಇನ್ನೊಬ್ಬರಿಗೆ ಕಳಿಸಲು ಬರುತ್ತಿರಲಿಲ್ಲ.

ಅಪಾರ್ಟ್‌ಮೆಂಟ್‌ಗಳು ಬಂದಾಗ ಜಗಲಿಯ ಜಾಗಕ್ಕೆ ಗೇಟಿನ ರಿಜಿಸ್ಟರ್ ಬಂತು: ಹೆಸರು, ಮನೆ ನಂಬರು, ಬಂದ ಹೊತ್ತು, ಹೋದ ಹೊತ್ತು, ಫೋನು, ಸಹಿ. ದಾರದಲ್ಲಿ ಕಟ್ಟಿದ ಪೆನ್ನು. ಯಾರೂ ಸರಿಯಾಗಿ ತುಂಬದ, ಯಾರೂ ಮತ್ತೆ ತೆರೆದು ಓದದ ಆ ಪುಸ್ತಕವೇ ಈಗಿನ ವ್ಯವಸ್ಥೆಯ ಮೂಲ. 2009ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಪಾರ್ಟ್‌ಮೆಂಟ್ ಅಡ್ಡಾ (ಈಗ ಅಡ್ಡಾ) ಸಂಘಗಳ ಲೆಕ್ಕಪತ್ರ, ಬಿಲ್ಲು, ನೋಟಿಸುಗಳನ್ನು ಅಂತರಜಾಲಕ್ಕೆ ತಂದಿತು. 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್ ಗೇಟಿನಿಂದಲೇ ಕೆಲಸ ಶುರುಮಾಡಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ವಿಜಯ್ ಅರಿಶೆಟ್ಟಿ ಭಾರತೀಯ ವಾಯುಪಡೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು. ನೋಬ್ರೋಕರ್ ಸಂಸ್ಥೆಯ ನೋಬ್ರೋಕರ್‌ಹುಡ್, ಅಪ್ನಾಕಾಂಪ್ಲೆಕ್ಸ್ ಮೊದಲಾದವು ಇದೇ ಸಾಲಿನವು. ಲೆಕ್ಕದಿಂದ ಹೊರಟವರೂ ಗೇಟಿನಿಂದ ಹೊರಟವರೂ ಕೆಲವೇ ವರ್ಷಗಳಲ್ಲಿ ಒಂದೇ ಕಡೆ ಸೇರಿದರು. ಈಗ ಬಿಲ್ಲು, ಗೇಟು, ದೂರು, ಕ್ಲಬ್‌ಹೌಸ್ ಬುಕಿಂಗು, ಮತದಾನ, ಮನೆಗೆಲಸದವರ ಹಾಜರಿ ಎಲ್ಲವೂ ಒಂದೇ ಆ್ಯಪ್‌ನೊಳಗೆ.

ಏನೇನು ಸಂಗ್ರಹವಾಗುತ್ತದೆ

ಮನೆಗೆ ಬಂದ ದಿನವೇ ಅಸೋಸಿಯೇಷನ್ ಆಫೀಸಿನಲ್ಲಿ ಒಂದು ಫಾರ್ಮ್ ತುಂಬಬೇಕು. ಹೆಸರು, ವಯಸ್ಸು, ಉದ್ಯೋಗ, ಊರು, ವಾಹನದ ನಂಬರು, ಸಾಕುಪ್ರಾಣಿ, ತುರ್ತಿಗೆ ಯಾರನ್ನು ಕರೆಯಬೇಕು. ಬಾಡಿಗೆದಾರರಾದರೆ ಕರಾರು ಪತ್ರ, ಗುರುತಿನ ಚೀಟಿಯ ಪ್ರತಿ. ಇದು ನಿವಾಸಿ ತಿಳಿದು ಕೊಟ್ಟ ಮಾಹಿತಿ. ಎರಡನೆಯ ಬಗೆಯದು ಬದುಕುತ್ತ ಬದುಕುತ್ತ ತಾನಾಗಿ ಬೀಳುವ ಜಾಡು: ಕಾರು ಬೂಮ್ ಬ್ಯಾರಿಯರ್ ದಾಟಿದ ಹೊತ್ತು, ಊಟ ತಂದ ಡೆಲಿವರಿ ಹುಡುಗನ ಕಂಪನಿ, ಈಜುಕೊಳಕ್ಕೆ ಹೋದ ದಿನ, ಲಿಫ್ಟಿನ ಕ್ಯಾಮೆರಾದ ಚಿತ್ರ, ಮೀಟರಿನ ಓಟ. ಮೂರನೆಯದು ಯಾರೂ ಕೊಡದೆ, ಎಲ್ಲಿಯೂ ಬೀಳದೆ, ಮೊದಲೆರಡನ್ನು ಜೋಡಿಸಿದಾಗ ಹೊರಡುವ ಊಹೆ. ಮಧ್ಯಾಹ್ನದ ಊಟ ದಿನವೂ ಹೊರಗಿನಿಂದ ಬಂದರೆ ಮನೆಯಲ್ಲಿ ಅಡುಗೆಯವರಿಲ್ಲ. ವಾರಕ್ಕೆರಡು ಸಲ ನರ್ಸ್ ಬಂದರೆ ಯಾರಿಗೋ ಕಾಯಿಲೆ. ಮೂರು ದಿನ ನೀರೇ ಓಡದಿದ್ದರೆ ಮನೆ ಖಾಲಿ. ವಾದವಿವಾದಗಳೆಲ್ಲ ಬಹುಪಾಲು ಈ ಮೂರನೆಯ ಬಗೆಯ ಸುತ್ತ.

ಹೆಸರು ತೆಗೆದುಹಾಕಿದ್ದೇವೆ, ಆದ್ದರಿಂದ ಗುರುತು ಸಿಗುವುದಿಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಅಂಚೆ ಪ್ರದೇಶದ ಸಂಖ್ಯೆ, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಎಂಬ ಮೂರೇ ವಿವರದಿಂದ ಅಮೆರಿಕದ ಶೇ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಗುರುತಿಸುವ ಸಾಧ್ಯತೆಯಿದೆಯೆಂದು ಲಟಾನ್ಯಾ ಸ್ವೀನಿ 2000ದಲ್ಲಿ ತೋರಿಸಿದರು. ಅದು ಇಡೀ ದೇಶದ ಮಾತು. 200 ಮನೆಗಳ ಅಪಾರ್ಟ್‌ಮೆಂಟ್‌ನಲ್ಲಿ ಅಷ್ಟೂ ಬೇಡ. 'ಬಿ ಬ್ಲಾಕಿನಲ್ಲಿ ಗಾಲಿಕುರ್ಚಿ ಬಳಸುವ ಹಿರಿಯರಿರುವ ಮನೆ' ಎಂದರೆ ಸಾಕು, ಸೆಕ್ಯುರಿಟಿಯವರು ಬಾಗಿಲು ತೋರಿಸುತ್ತಾರೆ.

ಮನೆಗೆ ತಕ್ಕ ಸೇವೆ

ಮನೆಗೆ ತಕ್ಕ ಸೇವೆ ಎಂದು ಕರೆಯುವುದರಲ್ಲಿ ಹೆಚ್ಚಿನದು ಸರಳ ನಿಯಮ. ಈ ಮನೆಯ ಹಾಲಿನವರನ್ನು ಕೇಳದೆ ಬಿಡಿ. ರಾತ್ರಿ ಹತ್ತರ ನಂತರ ಫೋನ್ ಮಾಡಬೇಡಿ, ಮಗು ಮಲಗಿರುತ್ತದೆ. ಪಾರ್ಸೆಲ್ ಗೇಟಿನಲ್ಲೇ ಇಟ್ಟುಕೊಳ್ಳಿ. ಮಕ್ಕಳು ದೊಡ್ಡವರಿಲ್ಲದೆ ಗೇಟು ದಾಟಿದರೆ ತಾಯಿತಂದೆಗೆ ತಿಳಿಸಿ. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ರಾಶಿ ಮಾಹಿತಿಯೂ ಬೇಡ. ನಿವಾಸಿ ಒಂದು ಸಲ ಹೇಳಿದರೆ ಸಾಕು. ಬಹುಪಾಲು ನಿವಾಸಿಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇಂಥವೇ. ಹೀಗೆ ಕೇಳಿ ಪಡೆದ ಒಂದು ಸಾಲಿನ ಮಾಹಿತಿಯ ಮುಂದೆ, ಕೇಳದೆ ಕಲೆಹಾಕಿದ ಸಾವಿರ ಸಾಲುಗಳಿಂದ ಹುಟ್ಟುವ ಸೇವೆ ಪೇಲವ. ಹಿರಿಯರೊಬ್ಬರಿಗೆ ದಿನವೂ ಬೆಳಿಗ್ಗೆ ಇಂಟರ್‌ಕಾಮ್‌ನಲ್ಲಿ ಮಾತನಾಡಿಸಿ ಕ್ಷೇಮ ವಿಚಾರಿಸಿ ಎಂದು ಮಗಳು ಆಫೀಸಿನಲ್ಲಿ ಬರೆಸಿಹೋದರೆ ಆ ಕೆಲಸ ನಡೆದೇ ನಡೆಯುತ್ತದೆ. ಅದೇ ಹಿರಿಯರ ಚಲನವಲನ ನೋಡಿ ಆ್ಯಪ್ ತಾನಾಗಿ ಮಂಡಿನೋವಿನ ಎಣ್ಣೆಯ ಜಾಹೀರಾತು ತೋರಿಸಿದರೆ ಅದನ್ನು ಸೇವೆಯೆನ್ನಲು ನಾಲಗೆ ಏಳುವುದಿಲ್ಲ.

ಪಾರ್ಕಿಂಗು, ವಿದ್ಯುತ್ ವಾಹನದ ಚಾರ್ಜಿಂಗ್ ಸರದಿ, ಬ್ಯಾಡ್ಮಿಂಟನ್ ಅಂಗಳದ ಹೊತ್ತು, ಮನೆ ಬದಲಿಸುವವರಿಗೆ ಸರ್ವಿಸ್ ಲಿಫ್ಟು, ಇವನ್ನು ಬಳಕೆಯ ದಾಖಲೆ ನೋಡಿ ಹಂಚುವುದು ಹಲವೆಡೆ ಉಂಟು. ಮೇಂಟೆನೆನ್ಸ್ ಬಿಲ್ಲಿನ ವಿಷಯದಲ್ಲಂತೂ ಮನೆಮನೆಯ ಲೆಕ್ಕ ಕಾನೂನಿಗೂ ಬೇಕು: ತಿಂಗಳಿಗೆ ₹7,500 ಮೀರಿದರೆ ಮತ್ತು ಸಂಘದ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಶೇ 18ರ ಜಿಎಸ್‌ಟಿ ಬೀಳುತ್ತದೆ.

ನೀರಿನ ಮೀಟರು

ದತ್ತಾಂಶದ ಲಾಭ ಮತ್ತು ಅಪಾಯ ಎರಡೂ ಒಂದೇ ವಸ್ತುವಿನಲ್ಲಿ ಕಾಣಬೇಕಾದರೆ ನೀರಿನ ಮೀಟರು ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗೆ ನೀರು ಮೂರು ದಾರಿಯಲ್ಲಿ ಬರುತ್ತದೆ: ಕಾವೇರಿ, ಬೋರ್‌ವೆಲ್, ಟ್ಯಾಂಕರ್. ಮೂರೂ ಸಂಪಿನಲ್ಲಿ ಬೆರೆತು ಮೇಲಿನ ಟ್ಯಾಂಕಿಗೆ ಏರುತ್ತವೆ. ಬಹುಕಾಲ ಖರ್ಚನ್ನು ಚದರಡಿಯ ಮೇಲೋ ಎಲ್ಲ ಮನೆಗೂ ಸಮವಾಗಿಯೋ ಹಂಚುತ್ತಿದ್ದರು. ಒಬ್ಬಂಟಿಯಾಗಿರುವ ನಿವೃತ್ತ ಮೇಷ್ಟ್ರೂ ಆರು ಜನರ ಸಂಸಾರವೂ ಒಂದೇ ಮೊತ್ತ ಕಟ್ಟಬೇಕಾಗಿ ಬಂದು ವಾರ್ಷಿಕ ಸಭೆಗಳಲ್ಲಿ ಇದೇ ಜಗಳ.

ಮನೆಗೊಂದು ಮೀಟರು ಹಾಕುವುದು ಕೇಳಿದಷ್ಟು ಸುಲಭವಲ್ಲ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ನೀರು ಮನೆಯೊಳಗೆ ಒಂದೇ ಕೊಳವೆಯಲ್ಲಿ ಬರುವುದಿಲ್ಲ. ಮೇಲಿನ ಟ್ಯಾಂಕಿನಿಂದ ಬೇರೆ ಬೇರೆ ಡಕ್ಟ್‌ಗಳಲ್ಲಿ ಇಳಿದು ಅಡುಗೆಮನೆಗೊಂದು, ಒಂದೊಂದು ಬಚ್ಚಲಿಗೂ ಒಂದೊಂದು ಎಂದು ಒಳಸೇರುತ್ತದೆ. ಅಂದರೆ ಮೂರು ಬೆಡ್‌ರೂಮಿನ ಮನೆಗೆ ನಾಲ್ಕೈದು ಮೀಟರು ಬೇಕು. ಬೆಂಗಳೂರಿನ ಸ್ಮಾರ್ಟರ್‌ಹೋಮ್ಸ್‌ನ ವಾಟರ್‌ಆನ್, ಚೆನ್ನೈನ ವೀಗಾಟ್‌ನಂಥ ಸಾಧನಗಳು ಈ ಕಾರಣಕ್ಕೇ ಹುಟ್ಟಿದವು: ಪ್ರತಿ ಒಳಹರಿವಿಗೂ ಒಂದು ಸಣ್ಣ ಮೀಟರು, ಲೆಕ್ಕವನ್ನು ತಂತಿಯಿಲ್ಲದೆ ಕಳಿಸುವ ವ್ಯವಸ್ಥೆ, ಸೋರಿಕೆ ಕಂಡರೆ ಫೋನಿಗೆ ಎಚ್ಚರಿಕೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ತತ್ತರಿಸಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡವೆಂದಿತು, ನಲ್ಲಿಗಳಿಗೆ ಏರೇಟರ್ ಹಾಕಿಸಬೇಕೆಂದು ಆದೇಶಿಸಿತು. ಆಗ ಮೀಟರಿದ್ದ ಸಮುಚ್ಚಯಗಳಿಗೆ ಯಾವ ಮನೆಯಲ್ಲಿ ಎಷ್ಟು ನೀರು ಹೋಗುತ್ತಿದೆ ಎಂಬುದು ಬೆರಳತುದಿಯಲ್ಲಿತ್ತು. ಬಳಸಿದಷ್ಟೇ ಹಣ ಎಂಬ ನ್ಯಾಯ, ಸೋರುವ ಸಿಸ್ಟರ್ನ್ ಯಾರದೆಂಬ ಪತ್ತೆ, ಎರಡೂ ಇದರ ಲಾಭ. ಮನೆಗೆ ತಕ್ಕ ಸೇವೆಯ ಅತ್ಯುತ್ತಮ ಉದಾಹರಣೆ ಇದೇ ಎನ್ನಲು ಅಡ್ಡಿಯಿಲ್ಲ.

ಆದರೆ ಬಚ್ಚಲಿಗೊಂದು ಮೀಟರು ಇದ್ದಾಗ ಯಾವ ಬಚ್ಚಲಲ್ಲಿ ಯಾವ ಹೊತ್ತಿಗೆ ನೀರು ಓಡಿತು ಎಂಬುದೂ ದಾಖಲೆಯಲ್ಲಿ ಉಳಿಯುತ್ತದೆ. ರಾತ್ರಿ ಐದು ಸಲ ಎದ್ದವರು, ಬೆಳಗಿನ ಸ್ನಾನ ಬಿಟ್ಟವರು, ಅತಿಥಿ ಕೋಣೆಯಲ್ಲಿ ಉಳಿದುಕೊಂಡವರು ಅಂಕಿಗಳಲ್ಲಿ ಕಾಣುತ್ತಾರೆ. ಬಿಲ್ಲಿಗೆ ತಿಂಗಳಿಗೊಂದು ಅಂಕಿ ಸಾಕು, ಸೋರಿಕೆ ಹಿಡಿಯಲು ಮಾತ್ರ ಗಂಟೆಗಂಟೆಯ ಲೆಕ್ಕ ಬೇಕು. ಆ ಗಂಟೆಗಂಟೆಯ ಲೆಕ್ಕವನ್ನು ಯಂತ್ರ ನೋಡಿದರೆ ಸಾಕೋ, ಸಮಿತಿಯ ಖಜಾಂಚಿಯೂ ನೋಡಬೇಕೋ? ಬಹುತೇಕ ಸಂಘಗಳು ಈ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ಇದೇ ಮಾತನ್ನು ಬಹು ಹಿಂದೆಯೇ ಹೇಳಿದವರಿದ್ದಾರೆ. ಮನೆಯ ಒಟ್ಟು ವಿದ್ಯುತ್ ಹರಿವಿನ ಏರಿಳಿತದಿಂದ ಒಳಗೆ ಯಾವ ಉಪಕರಣ ಓಡುತ್ತಿದೆ ಎಂದು ಕಂಡುಹಿಡಿಯುವ ವಿಧಾನವನ್ನು 1980ರ ದಶಕದಲ್ಲಿ ಎಂಐಟಿಯಲ್ಲಿ ರೂಪಿಸಿದ ಜಾರ್ಜ್ ಹಾರ್ಟ್, ತನ್ನ ಉಪಾಯ ಬೇಹುಗಾರಿಕೆಗೂ ಒದಗೀತೆಂದು 1989ರಲ್ಲೇ ಲೇಖನ ಬರೆದು ಎಚ್ಚರಿಸಿದರು. ಅಮೆರಿಕದ ನೇಪರ್‌ವಿಲ್ ನಗರದ ಸ್ಮಾರ್ಟ್ ಮೀಟರುಗಳ ಪ್ರಕರಣದಲ್ಲಿ 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, 15 ನಿಮಿಷಕ್ಕೊಮ್ಮೆ ಲೆಕ್ಕ ಎತ್ತಿಕೊಳ್ಳುವುದು ಮನೆಯ ಶೋಧನೆಗೆ ಸಮ ಎಂದಿತು. ಆದರೆ ಆ ಸಂದರ್ಭದಲ್ಲಿ ಅದು ಸಮಂಜಸವೆಂದು ಒಪ್ಪಿತು.

ಗೇಟಿನ ಇಬ್ಬದಿ

ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಿವಾಸಿಗಳ ಖಾಸಗಿತನದ ಬಗ್ಗೆ ಬರೆಯುತ್ತಾರೆ. ಗೇಟಿನಲ್ಲಿ ನಿಂತು ನೋಡಿದರೆ ಬೇರೆಯದೇ ಚಿತ್ರ. ದಿನವೂ ಅತಿ ಹೆಚ್ಚು ದಾಖಲಾಗುವವರು ಮನೆಗೆಲಸದವರು, ಅಡುಗೆಯವರು, ಡ್ರೈವರುಗಳು, ಕಾರು ತೊಳೆಯುವವರು, ಡೆಲಿವರಿಯವರು. ನಿವಾಸಿ ಕಾರಿನಲ್ಲಿ ಕೈಬೀಸಿ ಒಳಹೋಗುತ್ತಾರೆ. ಅವರ ಮನೆಯ ಕೆಲಸದಾಕೆ ಫೋಟೋ ತೆಗೆಸಿಕೊಂಡು, ಗುರುತಿನ ಚೀಟಿಯ ಪ್ರತಿ ಕೊಟ್ಟು, ಪಾಸ್‌ಕೋಡ್ ಪಡೆದು, ಬರುವಾಗ ಹೋಗುವಾಗ ಅದನ್ನು ಒತ್ತಿ ಓಡಾಡಬೇಕು. ಆಕೆ ಗೇಟು ದಾಟಿದ ತಕ್ಷಣ ಮನೆಯ ಯಜಮಾನತಿಯ ಫೋನು ಸದ್ದು ಮಾಡುತ್ತದೆ. ತಿಂಗಳ ಕೊನೆಗೆ ಹಾಜರಿ ಪಟ್ಟಿ ತಯಾರಿರುತ್ತದೆ, ಸಂಬಳ ಹಿಡಿಯಲು ಅನುಕೂಲ. ಆಕೆ ಇನ್ನೂ ಯಾವ ಯಾವ ಮನೆಗಳಲ್ಲಿ ಕೆಲಸ ಮಾಡುತ್ತಾಳೆಂಬುದನ್ನು ಬೇರೆ ನಿವಾಸಿಗಳೂ ನೋಡಬಹುದು, ಆಕೆಗೆ ನಕ್ಷತ್ರಗಳ ಅಂಕವನ್ನೂ ಕೊಡಬಹುದು. ಆಕೆ ಯಜಮಾನತಿಗೆ ಅಂಕ ಕೊಡುವ ಗುಂಡಿ ಮಾತ್ರ ಆ್ಯಪ್‌ನಲ್ಲಿ ಇರುವುದಿಲ್ಲ. ಮಧ್ಯಾಹ್ನ ಒಂದು ಗಂಟೆ ಹೆಚ್ಚು ದುಡಿಸಿಕೊಂಡ ದಿನದ ಲೆಕ್ಕವೂ ಅದೇ ದಾಖಲೆಯಲ್ಲಿ ಇರುತ್ತದಲ್ಲ, ಅದನ್ನು ತೆಗೆದು ಹೆಚ್ಚುವರಿ ಕೂಲಿ ಕೊಟ್ಟ ಉದಾಹರಣೆಗಳ ಬಗ್ಗೆ ಯಾವ ಕಂಪನಿಯೂ ಜಾಹೀರಾತು ಮಾಡುವುದಿಲ್ಲ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಗಂಟೆಯ ಲೆಕ್ಕ ನಿಖರವಾಗಿ ಸಿಗುವ ಈ ಕಾಲದಲ್ಲಿ ಆ ಕಾನೂನು ಜಾರಿಗೆ ತರುವುದು ಹಿಂದೆಂದಿಗಿಂತ ಸುಲಭ, ಮನಸ್ಸಿದ್ದರೆ.

ಮಾಹಿತಿ ಹೆಚ್ಚು ಕೊಡುವವರು ಒಂದು ಕಡೆ, ಸೇವೆ ಹೆಚ್ಚು ಪಡೆಯುವವರು ಇನ್ನೊಂದು ಕಡೆ. ಈ ವ್ಯವಸ್ಥೆಯ ಮೂಲ ದೋಷ ಇಲ್ಲಿದೆ. ನಿವಾಸಿಗಳ ನಡುವೆಯೂ ಇದರದೇ ಚಿಕ್ಕ ರೂಪ ಕಾಣುತ್ತದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972 ಮಾಲೀಕರ ಸಂಘಕ್ಕೆ ಆಧಾರ. ಬಹಳಷ್ಟು ಸಂಘಗಳು 1960ರ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿಸಿಕೊಂಡಿವೆ. ಹೇಗಿದ್ದರೂ ಮತ ಮಾಲೀಕರದು. ಬಾಡಿಗೆದಾರರು ಕಾಗದಪತ್ರ ಹೆಚ್ಚು ಕೊಡುತ್ತಾರೆ, ನಿಯಮ ಮಾಡುವ ಸಭೆಯಲ್ಲಿ ಕೂರುವುದಿಲ್ಲ. ಮದುವೆಯಾಗದ ಹುಡುಗ ಹುಡುಗಿಯರ ಮನೆಗೆ ರಾತ್ರಿ ಯಾರು ಬಂದರು ಎಂದು ಗೇಟಿನ ದಾಖಲೆ ತೆಗೆದು ಪ್ರಶ್ನಿಸುವ ಸಮಿತಿಗಳುಂಟು. ಊಟ, ಜಾತಿ, ಧರ್ಮಗಳನ್ನು ಕೇಳದೆಯೇ ಊಹಿಸಲು ಡೆಲಿವರಿಯ ಪಟ್ಟಿ ಸಾಕು. ಒಬ್ಬರಿಗೆ ಹೊಂದುವಂತೆ ಸೇವೆ ಕೊಡಲು ಬಳಸುವ ವಿವರವೇ ಇನ್ನೊಬ್ಬರನ್ನು ಹೊರಗಿಡಲೂ ಒದಗುತ್ತದೆ.

ಕೊಟ್ಟ ಕಾರಣವೊಂದು, ಬಳಕೆ ಇನ್ನೊಂದು

ಭದ್ರತೆಗೆಂದು ಕೊಟ್ಟ ಫೋನ್ ನಂಬರಿಗೆ ಒಳಾಂಗಣ ವಿನ್ಯಾಸದವರ ಕರೆ ಬರುವುದು ಅನೇಕರ ಅನುಭವ. ಆ್ಯಪ್ ಕಂಪನಿಗಳ ವರಮಾನಕ್ಕೆ ಸಂಘಗಳ ಚಂದಾ ಒಂದು ಮೂಲ. ಜಾಹೀರಾತು, ಮನೆ ಸೇವೆಗಳ ಮಾರಾಟ, ಬಾಡಿಗೆ ಮನೆ ವ್ಯವಹಾರಗಳು ಇನ್ನೊಂದು. ಗೇಟು ತೆರೆಯಲು ದಿನಕ್ಕೆ ಹತ್ತು ಸಲ ನೋಡಲೇಬೇಕಾದ ಪರದೆಗಿಂತ ಜಾಹೀರಾತಿಗೆ ಉತ್ತಮ ಜಾಗ ಬೇರೆಲ್ಲಿದೆ? ಮನೆಯ ಅಳತೆ, ಇರುವ ಬಡಾವಣೆ, ಕಾರಿನ ಸಂಖ್ಯೆ ಗೊತ್ತಿದ್ದರೆ ಆ ಕುಟುಂಬದ ಆದಾಯ ಹೆಚ್ಚುಕಡಿಮೆ ಗೊತ್ತಿದ್ದಂತೆ.

ಕಂಪನಿಯನ್ನಷ್ಟೇ ದೂರುವುದು ಸರಿಯಲ್ಲ. ಸೋರಿಕೆಯ ದೊಡ್ಡ ತೂತು ಸಂಘದ ಒಳಗೇ ಇರುತ್ತದೆ. ಸಮಿತಿಯವರು ಸಂಬಳವಿಲ್ಲದೆ ದುಡಿಯುವವರು. ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗುತ್ತಾರೆ. ಎಲ್ಲ ನಿವಾಸಿಗಳ ವಿವರವಿರುವ ಎಕ್ಸೆಲ್ ಕಡತ ಹಳೆಯ ಕಾರ್ಯದರ್ಶಿಯ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ, ಫೆಸಿಲಿಟಿ ಮ್ಯಾನೇಜರ್ ಕೆಲಸ ಬಿಟ್ಟರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುತ್ತಾನೆ, ಮೇಂಟೆನೆನ್ಸ್ ಬಾಕಿದಾರರ ಪಟ್ಟಿ ಲಿಫ್ಟಿನ ಪಕ್ಕ ಅಂಟುತ್ತದೆ. ಮೂರು ವರ್ಷದ ಹಿಂದೆ ಮನೆ ಖಾಲಿ ಮಾಡಿದವರ ಆಧಾರ್ ಪ್ರತಿ ಇನ್ನೂ ಆಫೀಸಿನ ಫೈಲಿನಲ್ಲೇ ಇರುತ್ತದೆ.

ಒಂದು ಕಾರಣಕ್ಕೆ ಪಡೆದ ವಿಳಾಸ ಇನ್ನೊಂದಕ್ಕೆ ಬಳಕೆಯಾದಾಗ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕೋವಿಡ್ ಕಾಲದಲ್ಲಿ ನೋಡಿದೆ. 2020ರ ಮಾರ್ಚಿನಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ಸರ್ಕಾರ ಪ್ರಕಟಿಸಿತು. ಅವರು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆ್ಯಪ್ ಕೂಡ ಬಂತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ವಿಳಾಸ ಮಾತ್ರ ಇತ್ತು. ಅಪಾರ್ಟ್‌ಮೆಂಟ್‌ನಲ್ಲಿ ಮನೆ ನಂಬರೇ ಹೆಸರು ಎಂಬುದು ಅಂದು ಅರ್ಥವಾಯಿತು. 2022ರ ನವೆಂಬರ್‌ನಲ್ಲಿ, ಮತದಾರರ ಜಾಗೃತಿಯ ನೆಪದಲ್ಲಿ ಬೆಂಗಳೂರಿನ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿ ದುರ್ಬಳಕೆ ಮಾಡಿದ ಆರೋಪ ಸಂಸ್ಥೆಯೊಂದರ ಮೇಲೆ ಬಂದು ಬಂಧನಗಳೂ ಆದವು.

ಕಾನೂನು

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಖಾಸಗಿ ಸಂಸ್ಥೆಗಳು ಆಧಾರ್ ಕೇಳಲು ದಾರಿ ಮಾಡಿದ್ದ ಅಂಶವನ್ನು 2018ರ ಸೆಪ್ಟೆಂಬರ್ 26ರ ತೀರ್ಪು ತೆಗೆದುಹಾಕಿತು. ಗೇಟಿನಲ್ಲಿ ಆಧಾರ್ ಪ್ರತಿ ಕೇಳುವ ಅಭ್ಯಾಸ ಮಾತ್ರ ಅದರಿಂದ ನಿಲ್ಲಲಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಅಧಿನಿಯಮ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳವರೆಗೆ. ಈ ಕಾನೂನಿನ ಕಣ್ಣಿನಲ್ಲಿ, ಮಾಹಿತಿ ಏಕೆ ಮತ್ತು ಹೇಗೆ ಬಳಸಬೇಕೆಂದು ತೀರ್ಮಾನಿಸುವವರೇ ಹೊಣೆಗಾರರು. ಅಂದರೆ ಅಸೋಸಿಯೇಷನ್. ಅದರ ಪರವಾಗಿ ಕೆಲಸ ಮಾಡುವ ಆ್ಯಪ್ ಕಂಪನಿ ಬರಿಯ ಸಂಸ್ಕಾರಕ, ಅದರ ತಪ್ಪಿಗೂ ಸಂಘವೇ ಉತ್ತರಿಸಬೇಕು. ಅದೇ ಕಂಪನಿ ತನ್ನ ಜಾಹೀರಾತಿಗೆ ಆ ಮಾಹಿತಿ ಬಳಸಿದರೆ ಆಗ ಅದೂ ಹೊಣೆಗಾರ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ದೃಢೀಕರಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ನಿಷೇಧವಿದೆ. ತಕ್ಕ ಭದ್ರತೆ ವಹಿಸದಿದ್ದರೆ ದಂಡ ₹250 ಕೋಟಿಯವರೆಗೂ ಹೋಗಬಹುದು. ನೂರು ಮನೆಗಳ ಸಂಘಕ್ಕೆ ಈ ಅಂಕಿ ತಮಾಷೆಯಂತೆ ಕೇಳಿಸುತ್ತದೆ, ಆದರೆ ಸಂಘ ಚಿಕ್ಕದೆಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಮುಕ್ತ ಒಪ್ಪಿಗೆ ಎಂಬಲ್ಲಿ ಮುಳ್ಳಿದೆ. ಮನೆ ಕೊಂಡಾಗಿದೆ, ಸಾಲದ ಕಂತು ಓಡುತ್ತಿದೆ, ಸಂಘ ಬಹುಮತದಿಂದ ಒಂದು ಆ್ಯಪ್ ಆರಿಸಿದೆ, ಗೇಟು ಒಂದೇ. ಬೇಡವೆಂದವರು ತಮ್ಮ ಮನೆಗೆ ಬರುವ ನೆಂಟರನ್ನು ಗೇಟಿನಲ್ಲಿ ಕಾಯಿಸಬೇಕಾಗುತ್ತದೆ. ಚೀನಾದ ಸರ್ವೋಚ್ಚ ನ್ಯಾಯಾಲಯ ಈ ಮುಳ್ಳನ್ನು ನೇರವಾಗಿ ಕಿತ್ತಿತು: 2021ರ ಆಗಸ್ಟ್ 1ರಿಂದ ಜಾರಿಗೆ ಬಂದ ಅದರ ವ್ಯಾಖ್ಯಾನದಂತೆ, ವಸತಿ ಸಮುಚ್ಚಯ ಮುಖ ಗುರುತಿಸುವ ಯಂತ್ರವೊಂದನ್ನೇ ಪ್ರವೇಶದ ದಾರಿಯಾಗಿ ಇಟ್ಟರೆ, ಒಪ್ಪದವರು ಬೇರೆ ದಾರಿ ಕೇಳಬಹುದು, ನ್ಯಾಯಾಲಯ ಅವರ ಬೆಂಬಲಕ್ಕಿರುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಟ್ಲಾಂಟಿಕ್ ಪ್ಲಾಜಾ ಟವರ್ಸ್‌ನ ಬಾಡಿಗೆದಾರರು ಇಂಥದೇ ಯಂತ್ರವನ್ನು ಒಗ್ಗಟ್ಟಿನಿಂದ ಎದುರಿಸಿ 2019ರಲ್ಲಿ ಮಾಲೀಕರು ಯೋಜನೆ ಕೈಬಿಡುವಂತೆ ಮಾಡಿದರು. ಅದರ ಬೆನ್ನಿಗೆ 2021ರಲ್ಲಿ ಆ ನಗರ ತಂದ ಕಾನೂನು, ಬಾಗಿಲು ತೆರೆದ ದಾಖಲೆಗಳನ್ನು ಸಾಮಾನ್ಯವಾಗಿ 90 ದಿನದೊಳಗೆ ಅಳಿಸಬೇಕೆನ್ನುತ್ತದೆ. ನಮ್ಮ ಸಂಘಗಳ ಬೈಲಾಗಳಲ್ಲಿ ಅಳಿಸುವ ದಿನದ ಪ್ರಸ್ತಾಪ ಅಪರೂಪ.

ಸಂಘಗಳ ಮುಂದಿರುವ ದಾರಿ

ಕಾನೂನು ಪಾಲಿಸಲು ವಕೀಲರ ಪಡೆ ಬೇಕಿಲ್ಲ. ಫಾರ್ಮಿನಲ್ಲಿ ಪ್ರತಿ ಪ್ರಶ್ನೆಯ ಎದುರು ಅದು ಏಕೆ ಬೇಕೆಂದು ಒಂದು ಸಾಲು ಬರೆದರೆ ಅರ್ಧ ಪ್ರಶ್ನೆಗಳು ತಾವೇ ಉದುರುತ್ತವೆ. ಆಧಾರ್ ಬೇಕೇಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಉಂಟು. ಗೇಟಿನ ದಾಖಲೆ ಎಷ್ಟು ದಿನ, ಕ್ಯಾಮೆರಾ ಚಿತ್ರ ಎಷ್ಟು ದಿನ, ಅದನ್ನು ನೋಡಲು ಯಾರಿಗೆ ಅಧಿಕಾರ, ನೋಡಿದವರ ಹೆಸರು ಎಲ್ಲಿ ಬರೆದಿಡಬೇಕು ಎಂಬ ನಾಲ್ಕು ತೀರ್ಮಾನಗಳನ್ನು ಸರ್ವಸದಸ್ಯರ ಸಭೆ ಒಂದೇ ಸಂಜೆ ಮಾಡಬಹುದು. ಕಂಪನಿಯೊಂದಿಗಿನ ಕರಾರಿನಲ್ಲಿ ಜಾಹೀರಾತಿನ ಕಲಮನ್ನು ಓದಿ ಸಹಿ ಹಾಕುವುದು, ಸಮಿತಿ ಬದಲಾದಾಗ ಬೀಗದಕೈ ಜೊತೆ ಪಾಸ್‌ವರ್ಡ್‌ಗಳನ್ನೂ ಬದಲಿಸುವುದು, ಆ್ಯಪ್ ಬೇಡವೆನ್ನುವವರಿಗೆ ಇಂಟರ್‌ಕಾಮ್ ಉಳಿಸುವುದು, ಇವಕ್ಕೂ ದೊಡ್ಡ ಖರ್ಚಿಲ್ಲ.

ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಕಾನೂನು ಕೊಡುತ್ತದೆ. ಆ ಹಕ್ಕು ನಿವಾಸಿಗೆ ಇರುವಂತೆಯೇ, ಕನ್ನಡ ಬಲ್ಲ ಕೆಲಸದಾಕೆಗೂ ಒಡಿಯಾ ಬಲ್ಲ ಸೆಕ್ಯುರಿಟಿಯವನಿಗೂ ಇದೆ.

ಗೇಟುಗಳಲ್ಲಿ ಹಳೆಯ ರಿಜಿಸ್ಟರ್ ಇನ್ನೂ ಇರುತ್ತದೆ, ಕರೆಂಟು ಹೋದಾಗ, ನೆಟ್‌ವರ್ಕ್ ಕೈಕೊಟ್ಟಾಗ ಬೇಕಾಗುತ್ತದೆಂದು. 2023ರ ಕಾನೂನು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ ಅನ್ವಯಿಸುವುದರಿಂದ ಕಾಗದದ ಆ ಪುಸ್ತಕ ಅದರ ಹೊರಗಿದೆ. ಅದರ ಪುಟವೊಂದರ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದ ಕ್ಷಣದಿಂದ ಒಳಗೆ ಬರುತ್ತದೆ.